ಭಾನುವಿನ ಕಾಲು, ಮಹಾಲಿಂಗನ ಕಾರು

“ಕಾರಲ್ಲಿ ಏನೂ ಇಲ್ಲ ಕಣ ಶಿವರಾಮು. ಇರದೆಲ್ಲ ಇವಳ ಕಾಲಲ್ಲಿ,” ಎಂದ ಮಲ್ಲಿಕಾರ್ಜುನಸ್ವಾಮಿ.

“ನನ್ ಕಾಲಲ್ಲಿ ಇರದು ಚಪ್ಲಿ,” ಎಂದಳು ಅವನ ಹೆಂಡತಿ ಭಾನು. “ಅದು ಕಾಲಲ್ಲೇ ಇರ್ಲಿ ಅಂತ ತಡ್ಕಂಡಿವ್ನಿ.”

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಶಿವರಾಮುವಿನ ಗ್ಯಾರೇಜು. ಎರಡನೇ ಶನಿವಾರ, ಬೆಳಗಿನ ಹತ್ತು ಗಂಟೆ. ಶಿವರಾಮು ಇನ್ನೂ ಕಾರಿನ ಹತ್ತಿರವೇ ಹೋಗಿರಲಿಲ್ಲ. ಟೀ ಲೋಟ ಹಿಡಿದುಕೊಂಡು ಗಂಡನ ಮಾತಿಗೆ ಒಮ್ಮೆ, ಹೆಂಡತಿಯ ಮಾತಿಗೆ ಒಮ್ಮೆ ತಲೆಯಾಡಿಸುತ್ತ ನಿಂತಿದ್ದ. ಕಾರಿನ ಹಿಂದಿನ ಸೀಟಿನಲ್ಲಿ ಸ್ವಾಮಿಯ ತಾಯಿ ಚಿಕ್ಕನಿಂಗಮ್ಮ ಬಾಗಿಲು ತೆರೆದುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಇವರಿಬ್ಬರನ್ನೇ ಕಳಿಸಿದರೆ ಕಾರು ರಿಪೇರಿಯಾಗುವುದಿಲ್ಲ, ಸಂಸಾರ ರಿಪೇರಿಗೆ ಬರುತ್ತದೆ ಎಂದು ತಾನಾಗಿಯೇ ಹತ್ತಿ ಕೂತು ಬಂದವಳು.

ಭಾನು ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ನರ್ಸು. ಮನೆ ಇದ್ದದ್ದು ಚಾಮರಾಜನಗರದ ಆಚೆ ಹರದನಹಳ್ಳಿಯಲ್ಲಿ. ಬೆಳಗಿನ ಪಾಳಿಗೆ ಎಂಟು ಗಂಟೆಗೆ ಹಾಜರಾಗಬೇಕು, ಎರಡು ಬಸ್ಸು ಬದಲಿಸಬೇಕು. ಅದಕ್ಕೇ ನಾಲ್ಕು ತಿಂಗಳ ಹಿಂದೆ ಸ್ವಾಮಿಯ ಬಾಲ್ಯದ ಗೆಳೆಯ ಮಹಾಲಿಂಗನ ಹಳೆಯ ಕಾರನ್ನು ಕೊಂಡಿದ್ದರು. ಎರಡೂವರೆ ತಿಂಗಳು ಭಾನು ಅದರಲ್ಲಿ ರಾಣಿಯ ಹಾಗೆ ಓಡಾಡಿದಳು. ಆಮೇಲೆ ಒಂದು ದಿನ ತೆರಕಣಾಂಬಿಯ ಬಸ್‌ಸ್ಟಾಪಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಗಡಗಡ ನಡುಗಿತು. ಸ್ಟೇರಿಂಗು ಕೈಯಲ್ಲಿ ಕುಣಿಯಿತು, ಗಾಜು ಕಟಕಟ ಎಂದಿತು, ಕಾರು ಹೂವಿನ ಬುಟ್ಟಿಯೊಂದಕ್ಕೆ ಗೇಣು ದೂರದಲ್ಲಿ ಹೋಗಿ ನಿಂತಿತು. ಅಂದಿನಿಂದ ನಿಲ್ಲಿಸಲು ಹೋದಾಗಲೆಲ್ಲ ಅದೇ ನಡುಕ.

ಸ್ವಾಮಿ ಅವತ್ತೇ ಕೀಲಿಕೈ ಕಿತ್ತುಕೊಂಡ. ನೀನು ಬ್ರೇಕನ್ನು ಅಮುಕುವುದಿಲ್ಲ, ತುಳಿಯುತ್ತೀಯ, ಕಾಲು ಹದಕ್ಕೆ ಬರುವವರೆಗೆ ಬಸ್ಸಿನಲ್ಲೇ ಹೋಗು ಎಂದ. ಆರು ವಾರ ಭಾನು ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದಳು. ಡ್ರೈವಿಂಗ್ ಲೈಸೆನ್ಸು ಅವಳಿಗೆ ಮೊದಲ ಸಲಕ್ಕೇ ಸಿಕ್ಕಿತ್ತು, ಅವನಿಗೆ ಮೂರನೇ ಸಲಕ್ಕೆ. ಮನೆಯಲ್ಲಿ ಈ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ, ಚಿಕ್ಕನಿಂಗಮ್ಮನೊಬ್ಬಳನ್ನು ಬಿಟ್ಟು.

ಕಾರನ್ನು ಗ್ಯಾರೇಜಿಗೆ ತೋರಿಸೋಣ ಎಂದು ಭಾನು ಹೇಳಿದಾಗಲೆಲ್ಲ ಸ್ವಾಮಿ ಏನಾದರೊಂದು ನೆಪ ಹೇಳುತ್ತಿದ್ದ. ರೇಷ್ಮೆ ಇಲಾಖೆಯಲ್ಲಿ ಗುಮಾಸ್ತನಾದ್ದರಿಂದ ಕೆಲಸವನ್ನು ಮುಂದಕ್ಕೆ ಹಾಕುವುದು ಅವನಿಗೆ ಸಲೀಸಾಗಿ ಬರುತ್ತಿತ್ತು. ಈ ಶನಿವಾರ ಮಾತ್ರ ಅವಳು ಕೀಲಿಕೈ ಎತ್ತಿಕೊಂಡು ಹೊರಟೇಬಿಟ್ಟಳು. ಅವನು ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದು, ನಾನೇ ಓಡಿಸುತ್ತೇನೆ ಎಂದು ಸ್ಟೇರಿಂಗಿನ ಮುಂದೆ ಕೂತಿದ್ದ.

ಶಿವರಾಮು ಟೀ ಮುಗಿಸಿ ಪಕ್ಕದಲ್ಲಿ ಕೂತು, ಒಂದು ಸುತ್ತು ಹೋಗಿಬರೋಣ, ನೀವೇ ಓಡಿಸಿ ಎಂದು ಸ್ವಾಮಿಗೆ ಹೇಳಿದ. ಪೆಟ್ರೋಲ್ ಬಂಕಿನವರೆಗೆ ಹೋಗಿ ಬಂದರು. ಮೂರು ಕಡೆ ನಿಲ್ಲಿಸಿದರು. ಮೂರು ಕಡೆಯೂ ಕಾರು ಚಳಿಜ್ವರ ಬಂದವರಂತೆ ನಡುಗಿತು.

“ನಿಮ್ ಕಾಲಿಗೂ ನಡುಗ್ತದಲ್ಲ ಸ್ವಾಮಣ್ಣ,” ಎಂದ ಶಿವರಾಮು.

“ಅದಕ್ಕೆ ಇವಳ ಕಾಲು ರೂಢಿ ಆಗ್ಬುಟ್ಟದೆ ಕಣ. ಈಗ ಯಾರ್ ಒತ್ತಿದ್ರೂ ಇವಳೇ ಅನ್ಕತದೆ.”

“ಹಂಗಾರೆ ನಿಮಗಿಂತ ಕಾರೇ ವಾಸಿ,” ಎಂದಳು ಭಾನು. “ನಾನ್ ಒತ್ತಿದ್ದು ಅದಕ್ಕಾದ್ರೂ ಗೊತ್ತಾಯ್ತದೆ.”

ನಡುಕ ಮುಂದಿನ ಚಕ್ರದ್ದೋ ಹಿಂದಿನದ್ದೋ ತಿಳಿಯಬೇಕಿತ್ತು. ಸ್ಟೇರಿಂಗಿಗೆ ಬರುತ್ತದೆ ಎಂದು ಭಾನು, ಸೀಟಿಗೆ ಬರುತ್ತದೆ ಎಂದು ಸ್ವಾಮಿ. ಇವರಿಬ್ಬರ ಮಾತು ಕೇಳಿದರೆ ಸಂಜೆಯಾಗುತ್ತದೆಂದು ಶಿವರಾಮುವಿಗೆ ಗೊತ್ತಾಯಿತು. ಅವನು ಚಿಕ್ಕನಿಂಗಮ್ಮನ ಕಡೆ ತಿರುಗಿ, ಅವ್ವಾ, ನಿಮಗೆ ಎಲ್ಲಿ ನಡುಗಿತು ಎಂದು ಕೇಳಿದ. ಅವಳು ಎಲೆ ಅಡಿಕೆಯನ್ನು ದವಡೆಗೆ ಸರಿಸಿ, ಎತ್ತಿನ ಗಾಡಿಯಲ್ಲಿ ಮೂವತ್ತು ವರ್ಷ ಕೂತಿದ್ದೇನೆ, ಚಕ್ರದ ಕಡಾಣಿ ಸಡಿಲವಾದರೆ ಯಾವ ಕಡೆಯದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ, ಆದರೆ ಒಂದೇ ಜಾಗದಲ್ಲಿ ಕೂರಿಸಿದರೆ ಹೇಗೆ ಹೇಳಲಿ ಎಂದಳು.

ಶಿವರಾಮುವಿಗೆ ಈ ಮಾತು ಹಿಡಿಸಿತು. ಅವನೇ ಕಾರು ಓಡಿಸಿದ. ಮೊದಲು ಚಿಕ್ಕನಿಂಗಮ್ಮನನ್ನು ಹಿಂದಿನ ಎಡ ಮೂಲೆಯಲ್ಲಿ ಕೂರಿಸಿ ಒಂದು ಸುತ್ತು, ಆಮೇಲೆ ಬಲ ಮೂಲೆಯಲ್ಲಿ ಒಂದು ಸುತ್ತು, ಆಮೇಲೆ ತನ್ನ ಪಕ್ಕದಲ್ಲಿ ಒಂದು ಸುತ್ತು. ಪ್ರತಿ ಸುತ್ತು ಮುಗಿದು ಗ್ಯಾರೇಜಿನ ಮುಂದೆ ನಿಂತಾಗ ಸ್ವಾಮಿ ಬಗ್ಗಿ ಕಿಟಕಿಯಲ್ಲಿ ನೋಡುತ್ತಿದ್ದ. ಮೂರನೇ ಸುತ್ತಿಗೆ ಅವಳು ತೀರ್ಪು ಕೊಟ್ಟಳು.

“ಹಿಂದೆ ಕೂತ್ರೆ ಅಂಡು ಸುಮ್ಕದೆ. ಮುಂದೆ ಕೂತ್ರೆ ಅಂಗಾಲು ಜುಂ ಅಂತದೆ. ಎಡಗಡೆ ಚಕ್ರ ಬಿಚ್ಚು.”

“ಅವ್ವ, ನಿನಗೇನ್ ಗೊತ್ತು? ಸುಮ್ಕೆ ಕೂತ್ಕ,” ಎಂದ ಸ್ವಾಮಿ.

ಶಿವರಾಮು ಮಾತ್ರ ಅವಳ ಮಾತನ್ನು ತಳ್ಳಿಹಾಕಲಿಲ್ಲ. ಇನ್ನೊಂದು ಸುತ್ತು ಹೋಗಿ, ಈ ಸಲ ಕಾಲಿನ ಬ್ರೇಕನ್ನು ಮುಟ್ಟದೆ ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ನಿಲ್ಲಿಸಿದ. ಕಾರು ಬೆಣ್ಣೆಯಂತೆ ನಿಂತಿತು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಆದ್ದರಿಂದ ದೋಷ ಮುಂದೆಯೇ ಇದೆ ಎಂದು ವಿವರಿಸಿ ಜಾಕ್ ಏರಿಸಿದ.

ಚಕ್ರ ಬಿಚ್ಚಿದಾಗ ಒಳಗೆ ಊಟದ ತಟ್ಟೆಯಷ್ಟಗಲದ ಉಕ್ಕಿನ ಡಿಸ್ಕು ಕಾಣಿಸಿತು. ಬ್ರೇಕ್ ಒತ್ತಿದರೆ ಎರಡು ಕಡೆಯಿಂದ ಹಿಡಿದು ನಿಲ್ಲಿಸುವುದು ಅದನ್ನೇ. ಶಿವರಾಮು ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಹಿಡಿದು ಡಿಸ್ಕನ್ನು ಕೈಯಲ್ಲಿ ತಿರುಗಿಸಿದ. ಒಂದು ಕಡೆ ತುದಿ ಕಿರ್ ಎಂದು ತಾಗಿತು, ಇನ್ನೊಂದು ಕಡೆ ದೂರವಾಯಿತು. ಮತ್ತೆ ತಾಗಿತು, ಮತ್ತೆ ದೂರವಾಯಿತು. ಡಿಸ್ಕು ಸೊಟ್ಟಗಾಗಿತ್ತು. ಅಲ್ಲಲ್ಲಿ ನೀಲಿ ಕಲೆಗಳೂ ಇದ್ದವು.

ಭಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಂಡನ ಮುಖ ನೋಡಿದಳು.

ಸ್ವಾಮಿ ಕಣ್ಣು ತಪ್ಪಿಸಿದ. ಕಾಲಿನ ವಾದ ಬಿದ್ದುಹೋಗಿತ್ತು. ಹಾಗಾದರೆ ಕೊಂಡಾಗಲೇ ಹೀಗಿದ್ದಿರಬೇಕು, ನಡುಕ ಮಾತ್ರ ಆಮೇಲೆ ಕಂಡಿರಬೇಕು, ಹಳೆಯ ಕಾರೆಂದ ಮೇಲೆ ಯಾರು ಏನು ಮಾಡಿದ್ದರೋ ಎಂದು ಗೊಣಗಿದ.

ಭಾನು ಆಗಲೇ ಫೋನ್ ಕೈಗೆತ್ತಿಕೊಂಡಿದ್ದಳು. ಮಹಾಲಿಂಗ ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು, ಮನೆ ಎರಡು ಬೀದಿ ಆಚೆ. ಅವನನ್ನು ಯಾಕೆ ಕರೆಸುತ್ತೀಯ, ಪಾಪ, ರಜಾ ದಿನ ಎಂದು ಸ್ವಾಮಿ ಎರಡು ಸಲ ಹೇಳಿದ. ಅಷ್ಟರಲ್ಲಿ ಅವನು ಬೈಕಿನಲ್ಲಿ ಬಂದೇಬಿಟ್ಟ.

ಡಿಸ್ಕನ್ನು ನೋಡಿದ ಮಹಾಲಿಂಗ ಸ್ವಾಮಿಯ ಕಡೆ ನೋಡಿದ. ಸ್ವಾಮಿ ಹೆಂಡತಿಗೆ ಕಾಣದ ಹಾಗೆ ಕೈ ಮುಗಿದ.

ಶಿವರಾಮು ತನ್ನ ಪಾಡಿಗೆ ತಾನು ಹೇಳುತ್ತ ಹೋದ. ಈ ನೀಲಿ ಕಲೆ ವಿಪರೀತ ಕಾದದ್ದರಿಂದ ಬರುವುದು. ಚಾಮರಾಜನಗರ, ಗುಂಡ್ಲುಪೇಟೆ ನಡುವೆ ಓಡಾಡಿದರೆ ಹೀಗೆ ಕಾಯುವುದಿಲ್ಲ. ದೊಡ್ಡ ಘಾಟಿಯಲ್ಲಿ ಗೇರು ಹಾಕದೆ ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಇಳಿದಿರಬೇಕು. ಕಾದ ಮೇಲೆ ಯಾರೋ ಬುದ್ಧಿವಂತರು ತಣ್ಣೀರು ಹೊಯ್ದಿರಬೇಕು. ಇಲ್ಲದಿದ್ದರೆ ಇಷ್ಟು ಸೊಟ್ಟಗಾಗುವುದಿಲ್ಲ.

“ಮೇಷ್ಟ್ರೆ,” ಎಂದಳು ಭಾನು, “ಗೊತ್ತಿದ್ದೂ ಇಂಥ ಕಾರ್ನ ನಮಗ್ ಕೊಟ್ರಾ?”

ಮಹಾಲಿಂಗ ತಲೆ ಕೆರೆದುಕೊಂಡು, ಕೊಟ್ಟಾಗ ಚೆನ್ನಾಗಿತ್ತು ಎಂದಷ್ಟೇ ಹೇಳಿದ. ಅವಳು ಬಿಡಲಿಲ್ಲ. ಸ್ನೇಹಿತರೆಂದು ನಂಬಿ ಯಾರಿಗೂ ತೋರಿಸದೆ ಕೊಂಡೆವು, ನಾಳೆ ಬ್ರೇಕ್ ಹಿಡಿಯದೆ ಯಾರಾದರೂ ಸತ್ತರೆ ಏನು ಗತಿ ಎಂದು ಕೇಳಿದಳು. ಆಗಲೂ ಅವನು ಸುಮ್ಮನಿದ್ದ. ಬಹುಶಃ ಸುಮ್ಮನೇ ಇದ್ದುಬಿಡುತ್ತಿದ್ದನೇನೋ. ಆದರೆ ಧೈರ್ಯ ಬಂದ ಸ್ವಾಮಿ ನಡುವೆ ಬಾಯಿ ಹಾಕಿದ.

“ಓಗ್ಲಿ ಬುಡು ಭಾನು. ಅವನೂ ಏನ್ ಮಾಡಾನು, ಗೊತ್ತಿಲ್ದೆ ಘಾಟಿಲಿ ಇಳಿಸ್ಬುಟ್ಟವ್ನೆ. ಎಲ್ರಿಗೂ ಓಡ್ಸಕ್ ಬತ್ತದಾ?”

ಮಹಾಲಿಂಗನ ಕಿವಿ ಕೆಂಪಾಯಿತು. ಒಂಬತ್ತು ವರ್ಷ ವಾರಕ್ಕೊಮ್ಮೆ ಒರೆಸಿ, ಹಬ್ಬಕ್ಕೊಮ್ಮೆ ಪೂಜೆ ಮಾಡಿ ಇಟ್ಟುಕೊಂಡಿದ್ದ ಕಾರದು.

“ಏನಂದೆ? ಇನ್ನೊಂದ್ ಸಲ ಅನ್ನು.”

“ಅಲ್ಲ ಕಣ್ಲಾ, ನಾನೇನಂದೆ ಅಂದ್ರೆ—”

“ಭಾನಕ್ಕ, ನನ್ ಕಾರು ನನ್ ಕೈಲಿ ಇರಗಂಟ ಒಂದ್ ಘಾಟಿನೂ ಇಳಿದಿಲ್ಲ. ದಿಂಬಂ ಘಾಟಿ ಇಳಿದಿರದು ಒಂದೇ ಸಲ, ಅದೂ ನಿಮಗ್ ಮಾರಿದ್ ಮ್ಯಾಲೆ. ಸ್ಟೇರಿಂಗ್ ಹಿಡ್ದಿದ್ದು ಈ ಮಹಾನುಭಾವ. ಪಕ್ಕದಲ್ಲಿ ಮಾರಮ್ಮನ ನೆನಿತಾ ಕೂತಿದ್ದವ್ನು ನಾನು.”

ಆಮೇಲೆ ಮಹಾಲಿಂಗನನ್ನು ತಡೆಯುವವರೇ ಇರಲಿಲ್ಲ. ಒಂದೂವರೆ ತಿಂಗಳ ಹಿಂದೆ ಸ್ವಾಮಿ ಇಲಾಖೆಯ ತರಬೇತಿಗೆ ಮೈಸೂರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಕಾರು ತೆಗೆದುಕೊಂಡು ಹೊರಟಿದ್ದನಲ್ಲ, ಅವತ್ತು ಇಬ್ಬರೂ ಹೋದದ್ದು ತಮಿಳುನಾಡಿಗೆ. ಘಾಟಿಯ ಇಪ್ಪತ್ತೇಳು ತಿರುವುಗಳನ್ನೂ ಸ್ವಾಮಿ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸಿದ. ಬಣ್ಣಾರಿ ಮಾರಮ್ಮನ ಗುಡಿಯ ಹತ್ತಿರ ಬರುವ ಹೊತ್ತಿಗೆ ಚಕ್ರದಿಂದ ಹೊಗೆ ಏಳುತ್ತಿತ್ತು. ಬೇಡ ಬೇಡವೆಂದರೂ ಕೇಳದೆ ಎಳನೀರಿನವಳ ಹತ್ತಿರ ಬಿಂದಿಗೆ ಇಸಿದುಕೊಂಡು ಎರಡು ಬಿಂದಿಗೆ ನೀರು ಹೊಯ್ದ. ಚುಂಯ್ ಎಂದ ಸದ್ದಿಗೆ ಗುಡಿಯ ಮುಂದಿನವರೆಲ್ಲ ತಿರುಗಿ ನೋಡಿದರು.

“ತಮಿಳ್ನಾಡಲ್ಲಿ ಏನಿತ್ತು?” ಎಂದು ಭಾನು ಕೇಳಿದಳು.

ಮಹಾಲಿಂಗ ಅಲ್ಲಿಗೆ ನಿಲ್ಲಿಸಬೇಕೆಂದುಕೊಂಡ. ಆದರೆ ಚಿಕ್ಕನಿಂಗಮ್ಮ ಅವನನ್ನೇ ನೋಡುತ್ತಿದ್ದಳು.

“ಕೊಡಿವೇರಿ ಅಣೆಕಟ್ಟು,” ಎಂದ. ಆಮೇಲೆ ದನಿ ತಗ್ಗಿಸಿ, “ಅಲ್ಲಿ ಮೀನು ಕರೀತಾರೆ,” ಎಂದ.

ಸ್ವಾಮಿಯವರದು ಮೊಟ್ಟೆಯನ್ನೂ ಹೊಸ್ತಿಲೊಳಗೆ ಬಿಡದ ಮನೆ. ಮದುವೆ ಮನೆಯಲ್ಲಿ ಬಡಿಸುವ ಸೌಟು ಮಾಂಸ ಮಾಡುವ ಮನೆಯಿಂದ ಬಂದಿದ್ದರೂ ಚಿಕ್ಕನಿಂಗಮ್ಮ ಊಟಕ್ಕೆ ಕೂರುತ್ತಿರಲಿಲ್ಲ. ಸ್ವಾಮಿ ಬಿಚ್ಚಿಟ್ಟಿದ್ದ ಟೈರಿನ ಮೇಲೆ ಕೂತ. ಕಚೇರಿಯಲ್ಲಿ ಎಲ್ಲರೂ ವರ್ಷಗಟ್ಟಲೆ ಅದನ್ನೇ ಹೊಗಳುತ್ತಿದ್ದರು, ಹೇಗಿರುತ್ತದೋ ನೋಡೋಣ ಎನ್ನಿಸಿತ್ತು, ಒಂದೇ ಒಂದು ಸಲ ಎಂದು ನೆಲ ನೋಡುತ್ತ ಹೇಳಿದ. ಚಿಕ್ಕನಿಂಗಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿದು ಬಂದು ಕಾರಿಗೆ ಒರಗಿ ನಿಂತಳು.

ಮಾತಾಡಿದವಳು ಭಾನು.

“ಮೀನಾರು ತಿನ್ನಿ, ಮೊಸಳೆನಾರು ತಿನ್ನಿ. ನಾನು ಆಸ್ಪತ್ರೆಲಿರೋಳು, ಇದಕ್ಕಿಂತ ಕೆಟ್ಟದ್ದು ನೋಡಿವ್ನಿ. ಆರು ವಾರ ನನ್ ಕಾಲೇ ಸರಿ ಇಲ್ಲ ಅಂದ್ರಲ್ಲ, ಅದನ್ ಹೇಳಿ. ನಾನೂ ನಂಬ್ಬುಟ್ಟಿದ್ದೆ ಕಣ್ರಿ. ಮೂಳೆ ಡಾಕ್ಟ್ರಿಗೆ ತೋರ್ಸಿ ಎಕ್ಸ್‌ರೇ ತೆಗೆಸ್ದೆ. ಅವ್ರು ಏನೂ ಇಲ್ಲ ಕಣಮ್ಮ ಅಂದ್ರೆ, ಇನ್ನೊಂದ್ ಸಲ ನೋಡಿ ಸಾ ಅಂತ ಅಂಗಲಾಚಿದೆ.”

ಸ್ವಾಮಿಗೆ ಈ ಎಕ್ಸ್‌ರೇ ವಿಷಯ ಗೊತ್ತಿರಲಿಲ್ಲ. ಅವನು ಎದ್ದು ಕಾರಿನಲ್ಲಿದ್ದ ಕೀಲಿಕೈ ತೆಗೆದು ಅವಳ ಮುಂದೆ ಹಿಡಿದ. ತಪ್ಪಾಯಿತು ಎಂದು ಹೇಳಿದ, ಆದರೆ ಅದು ಹೇಳಿದ್ದೋ ಕೆಮ್ಮಿದ್ದೋ ತಿಳಿಯಲಿಲ್ಲ.

“ಇನ್ನೊಂದ್ ಸಲ,” ಎಂದಳು ಭಾನು.

“ತಪ್ಪಾಯ್ತು. ನಿನ್ ಕಾಲು ಸರಿಯಾಗದೆ.”

“ಎರಡೂವಾ?”

“ಎರಡೂ ಸರಿಯಾಗವೆ.”

ಅವಳು ಕೀಲಿಕೈ ತೆಗೆದುಕೊಂಡಳು. ಆಮೇಲೆ ಮಹಾಲಿಂಗನ ಕಡೆ ತಿರುಗಿ, ನಿಮ್ಮ ಕಾರನ್ನು ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಮಹಾಲಿಂಗ ದೊಡ್ಡ ಮನಸ್ಸಿನಿಂದ ಅದನ್ನು ಒಪ್ಪಿಕೊಂಡು ಬೈಕ್ ಹತ್ತಿದ. ಸ್ಟಾರ್ಟ್ ಮಾಡಿದವನು ಹಾಗೇ ಆಫ್ ಮಾಡಿದ. ತಾನು ಹೇಳಿದ್ದರಲ್ಲಿ ತಾನೂ ಇದ್ದೇನೆಂಬುದು ಅವನಿಗೆ ಆಗ ಹೊಳೆಯಿತು. ತನ್ನ ಹೆಂಡತಿ ಕುಮಾರಿಗೆ ಕೊಡಿವೇರಿಯ ಸುದ್ದಿ ತಿಳಿಯದ ಹಾಗೆ ನೋಡಿಕೊಳ್ಳಬೇಕೆಂದು ಬಹಳ ವಿನಯದಿಂದ ಕೇಳಿಕೊಂಡ. ಭಾನು ಯೋಚಿಸುತ್ತೇನೆ ಎಂದಳು.

ಹೊಸ ಡಿಸ್ಕು ಮೈಸೂರಿನಿಂದ ಬರಲು ಎರಡು ದಿನ ಬೇಕಿತ್ತು. ಅಲ್ಲಿಯವರೆಗೆ ಮೆಲ್ಲಗೆ ಹೋಗಿ, ಮುಂದಿನ ಗಾಡಿಗೆ ದೂರ ಬಿಡಿ ಎಂದು ಹೇಳಿ ಶಿವರಾಮು ಚಕ್ರ ಕೂರಿಸಿಕೊಟ್ಟ. ಭಾನು ಸ್ಟೇರಿಂಗ್ ಹಿಡಿದಳು. ಚಿಕ್ಕನಿಂಗಮ್ಮ ಅವಳ ಪಕ್ಕ ಕೂತಳು. ಸ್ವಾಮಿ ಹಿಂದಿನ ಸೀಟಿನಲ್ಲಿ ಮೊಣಕಾಲು ಜೋಡಿಸಿ ಕೂತ.

ತೆರಕಣಾಂಬಿಯ ಮುಂದೆ ಮೇಕೆಯ ಹಿಂಡೊಂದು ರಸ್ತೆ ದಾಟುತ್ತಿತ್ತು. ಭಾನು ದೂರದಿಂದಲೇ ಬ್ರೇಕ್ ಒತ್ತಿದಳು. ಕಾರು ಗಡಗಡ ನಡುಗಿ ನಿಂತಿತು. ಸ್ವಾಮಿ ಕಿಟಕಿಯ ಆಚೆ ಮುಖ ತಿರುಗಿಸಿದ.

ಮೇಕೆಗಳು ಒಂದೊಂದಾಗಿ ದಾಟುತ್ತಿದ್ದವು. ಚಿಕ್ಕನಿಂಗಮ್ಮ ಅವುಗಳನ್ನು ನೋಡುತ್ತಲೇ, ತಿರುಗದೆ ಕೇಳಿದಳು.

“ಲೋ, ಅದ್ರಲ್ಲಿ ಮುಳ್ಳಿರ್ತದಂತಲ್ಲ. ಗಂಟ್ಲಿಗೆ ಚುಚ್ಚನಿಲ್ವಾ?”

ಬೈಗುಳಕ್ಕೆ ಸಿದ್ಧನಾಗಿದ್ದ ಸ್ವಾಮಿ ಮುಂದಕ್ಕೆ ಬಗ್ಗಿದ.

“ಇಲ್ಲ ಕಣವ್ವ. ಮಹಾಲಿಂಗ ಒಂದೊಂದೇ ಬುಡಿಸಿ ಬುಡಿಸಿ ಕೊಟ್ಟ.”

ಭಾನು ಸ್ಟೇರಿಂಗಿನ ಮೇಲೆ ಬಗ್ಗಿ ನಗು ಅದುಮಿಕೊಂಡಳು. ಕೊನೆಯ ಮೇಕೆಯೂ ದಾಟಿತು. ಚಿಕ್ಕನಿಂಗಮ್ಮ ಎಲೆ ಅಡಿಕೆಯ ಚೀಲ ಬಿಚ್ಚಿದಳು.

“ಅಂಥ ಒಳ್ಳೆ ಹುಡುಗ್ನ ಕಾರ್ನ ನಾವು ಸುಮ್ಕೆ ಬೈದ್ಬುಟ್ಟೊ ಕಣಮ್ಮಿ,” ಎಂದಳು.