ಮಾವನ ತಂತಿಯಿಲ್ಲದ ಕೀಬೋರ್ಡು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಸಾಕ್ಷಿ ಮಂಡಿಸುತ್ತೇನೆ, ತೀರ್ಪು ನಿಮ್ಮದು!

ಕಲ್ಯಾಣದುರ್ಗದ ಅವರ ಮನೆಯ ಮುಂಗೋಣೆಯೇ ಟೈಪಿಂಗ್ ಅಂಗಡಿ. ಮಾವ ಹೆಸರಿಗೆ ಮಾಲೀಕರು, ಟೈಪು ಅತ್ತೆಯದು. ಬೀದಿಯ ಸೊಪ್ಪಿನವಳ ಜೊತೆ ಕಿಟಕಿಯಿಂದಲೇ ಜಗಳವಾಡುತ್ತ ಅರ್ಜಿ ಮುಗಿಸುವ ಬೆರಳು! ಆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಿಂದಿನ ಕೋಣೆಯ ಮಂಚ ಹಿಡಿದರು. ಇನ್ನು ಕುರ್ಚಿಯ ಆಸೆ ಬಿಡಿ ಎಂದರು ಡಾಕ್ಟರು. ಅಂದಿನಿಂದ ಅತ್ತೆ ಮಾತನ್ನೂ ಬಿಟ್ಟರು. ಅಂಗಡಿ ಮುಚ್ಚಿಬಿಡಿ ಎಂದೆವು ನಾವೆಲ್ಲ. ಮಾವ ಹಿಂದೂಪುರದ ಬಸ್ಸು ಹತ್ತಿ ಏನು ತಂದರು ಗೊತ್ತೆ? ತಂತಿಯಿಲ್ಲದ ಕೀಬೋರ್ಡು, ಮೌಸು!

ಜೊತೆಗೆ ಕಂಪ್ಯೂಟರಿಗೆ ಚುಚ್ಚಲು ರಿಸೀವರ್ ಎಂಬ ಡಬ್ಬಿ. ಅದಕ್ಕೆ ಮಾತ್ರ ತಂತಿ! ಡಬ್ಬಿಯ ಗುಂಡಿ ಒತ್ತಿದರೆ ದೀಪ ಮಿಟುಕುತ್ತದೆ. ಅದು ಆರುವುದರೊಳಗೆ ಕೀಬೋರ್ಡಿನ ತಳದ ಗುಂಡಿ ಒತ್ತಿದರೆ ಮಾತ್ರ ಎರಡೂ ಕೂಡುತ್ತವೆ. ಮಾವನೋ ಡಬ್ಬಿಯ ಗುಂಡಿ ಒತ್ತಿ, ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಕಾಯಿ ಒಡೆದು ಕೀಬೋರ್ಡಿಗೆ ಕೈ ಹಾಕುವಷ್ಟರಲ್ಲಿ ದೀಪ ಆರಿರುತ್ತಿತ್ತು!

“ಪೂಜೆ ಮುಗಿಸಿ ಆಮೇಲೆ ಒತ್ತು ಮಾವ!”

“ದೀಪ ಹತ್ದೆ ಪೂಜೆ ಎಂಗ್ ಮಾಡಾದು ಕಣಮ್ಮಾ?”

ಮನೆತುಂಬ ಕಾಯಿಚಟ್ನಿ. ಕೊನೆಗೆ ಅವರು ಇನ್ನೊಂದು ಕಾಯಿ ಎತ್ತಿದಾಗ ನಾನೇ ತಳದ ಗುಂಡಿ ಒತ್ತಿದೆ. ಕೀರ್ತಿ ಕಾಯಿಗೆ ಹೋಯಿತು.

ಮುಗಿಯಿತೆ? ಮಾವ ಕೀಬೋರ್ಡು ಹಿಡಿದು ಹಿಂದಹಿಂದಕ್ಕೆ ನಡೆಯತೊಡಗಿದರು.

“ಅಕ್ಷರ ಬತ್ತಾ ಐತಾ?”

“ಬರ್ತಿದೆ.”

ಬಾಗಿಲು ದಾಟಿದರು. “ಈಗ?”

“ಇಲ್ಲ.”

ಡಬ್ಬಿಗೆ ಉದ್ದನೆಯ ವೈರು ಜೋಡಿಸಿ, ಅಂಗಡಿಗೂ ಹಿಂದಿನ ಕೋಣೆಗೂ ನಡುವಿನ ಕಿಟಕಿಗೆ ಕಟ್ಟಿ, ಮತ್ತೆ ನಡಿಗೆ. ನನಗೆ ತಡೆಯಲಾಗಲಿಲ್ಲ.

“ಅಷ್ಟು ದೂರದಿಂದ ಸ್ಕ್ರೀನೇ ಕಾಣಲ್ಲ. ಕಾಣದೆ ಟೈಪ್ ಮಾಡಿ ಏನುಪಯೋಗ? ಉತ್ತರ ಕೊಡು!” ಇಂಥ ಪ್ರಶ್ನೆಗಳಿಂದಲೇ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು.

“ಚೂಡಮ್ಮಾ, ನೋಡು, ನಿನ್ ವಾದ ಭಲೇ ಐತೆ. ವಸಿ ಪಕ್ಕಕ್ಕೆ ಸರಿ, ಡಬ್ಬಿಗೆ ಅಲೆ ಬರಾಕೆ ಅಡ್ಡ ಆಯ್ತೀಯ.”

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದರೆ, ಮಾವ ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ಯಾರದೋ ಅರ್ಜಿ ಹಿಡಿದು ನಡುವಿನ ಕಿಟಕಿಯತ್ತ ಗಟ್ಟಿಯಾಗಿ ಓದುತ್ತಿದ್ದರು. ಸ್ಕ್ರೀನಿನಲ್ಲಿ ಅಕ್ಷರಗಳು ತಾವಾಗಿ ಓಡುತ್ತಿದ್ದವು. ಇಣುಕಿದೆ. ದಿಂಬಿಗೊರಗಿದ ಅತ್ತೆ, ಮಡಿಲಲ್ಲಿ ಕೀಬೋರ್ಡು, ಕಣ್ಣು ಸೂರಿನ ಮೇಲೆ. ಅತ್ತೆ ಎಂದಾದರೂ ಸ್ಕ್ರೀನ್ ನೋಡಿ ಟೈಪು ಮಾಡಿದ್ದುಂಟೆ?

ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು.

“ನಿಂತ್ಕಳ್ಳೇ! ನಿನ್ನೆ ಕೊಟ್ಟ ದಂಟು ಬಾಡೋಗಿತ್ತು!” ಮಂಚದಿಂದ ಅತ್ತೆಯ ದನಿ! ಬೆರಳು ನಿಂತಿರಲಿಲ್ಲ.

ನಿಂತದ್ದು ಮಾವನ ಓದು. ಮೌಸು ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡರು.

“ಏನ್ರೀ, ಸುಮ್ಕಾಗ್ಬುಟ್ರಿ? ಓದ್ರಿ!”

ನಾನು ಮಾವನ ಕೈಯಿಂದ ಅರ್ಜಿ ತೆಗೆದುಕೊಂಡು, ಅವರು ಬಿಟ್ಟ ಸಾಲಿನಿಂದ ಓದತೊಡಗಿದೆ.