ಮೂರನೇ ಮೆಟ್ಟಿಲಿನ ಶೆಟ್ಟಮ್ಮ

ಗುರುಸಿದ್ದಮ್ಮನವರ ಪ್ರಕಾರ ಆ ಮನೆಗೆ ಶನಿ ಹೊಕ್ಕಿದ್ದು ಒಂದು ರಟ್ಟಿನ ಡಬ್ಬದಲ್ಲಿ ಕುಳಿತು. ಸೊಸೆ ಉಷಾರಾಣಿಯ ತಮ್ಮ ಬೆಂಗಳೂರಿನಿಂದ ತಂದ ಪ್ಲಾಸ್ಟಿಕ್ ಗೊಂಬೆ ಅದರೊಳಗಿತ್ತು. ಬಳೆಯೊಳಗೆ ತೂರುವ ಸೊಂಟ, ಕೊಕ್ಕರೆಯ ಕಾಲು, ನಿಲ್ಲಿಸಿದರೆ ಮುಗ್ಗರಿಸುವ ಪಾದ. ಅದು ಬಂದ ಮೇಲೆಯೇ ಮೊಮ್ಮಗಳು ಇಂಚರ ಊಟ ಬಿಟ್ಟದ್ದು. ಫ್ರಾಕು ಹ್ಯಾಂಗರಿಗೆ ತೂಗುಹಾಕಿದ ಹಾಗೆ ಜೋತಾಡತೊಡಗಿತು. ದಸರಾ ರಜೆಗೆ ಮುಂಚೆ ಶಾಲೆಯ ಪ್ರಾರ್ಥನೆಯಲ್ಲಿ ಹುಡುಗಿ ನಿಂತಲ್ಲೇ ಕುಸಿದಳು. "ಮಗು ಹೊಟ್ಟೆಗೆ ಏನೂ ಹೋಗ್ತಿಲ್ಲ, ಹೀಗೇ ಬಿಟ್ರೆ ಕೈಮೀರುತ್ತೆ" ಎಂದರು ಡಾಕ್ಟರು.

ಗುರುಸಿದ್ದಮ್ಮ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕಾರಣ ಸಿಕ್ಕಿದ ಮೇಲೆ ಸುಮ್ಮನಿರುವ ಜಾತಿಯಲ್ಲ. ಪ್ಲಾಸ್ಟಿಕ್ ಸುಂದರಿಗೆ ಟ್ರಂಕಿನೊಳಗೆ ಆಜೀವ ಕಾರಾವಾಸ ವಿಧಿಸಿ, ನವರಾತ್ರಿಗೆ ಅಟ್ಟದ ಗೊಂಬೆಗಳನ್ನು ಇಳಿಸಿದರು. ಮೇಲೆ ಪಟ್ಟದ ರಾಜ ರಾಣಿ. ಮೂರನೇ ಮೆಟ್ಟಿಲಲ್ಲಿ ಅಂಗಡಿಯ ಶೆಟ್ಟಿ, ಶೆಟ್ಟಮ್ಮ. ಮಣ್ಣಿನವರಾದರೂ ಉಂಡು ತೇಗಿದ ಹೊಟ್ಟೆಯವರು, ಮುಂದೆ ಅಕ್ಕಿ ಬೇಳೆಯ ಪುಟ್ಟ ರಾಶಿ.

"ಗೊಂಬೆಗಳ ಮುಂದೆ ಕೂತು ಊಟ ಮಾಡ್ತೀನಿ, ಅಜ್ಜಿ" ಎಂದಳು ಇಂಚರ. ಅಂದಿನಿಂದ ತಟ್ಟೆ ಖಾಲಿಯಾಗಿ ವಾಪಸು ಬರತೊಡಗಿತು.

"ನೋಡಿದ್ಯಾ ಉಷಾ? ಗೊಂಬೆ ಟ್ರಂಕಿಗೆ ಹೋಯ್ತು, ಅನ್ನ ಹೊಟ್ಟೆಗೆ ಹೋಯ್ತು."

"ಆದ್ರೂ ಎದೆಮೂಳೆ ಕಾಣ್ತಿದೆಯಲ್ಲ, ಅತ್ತೆ."

"ಒಂದೇ ವಾರಕ್ಕೆ ಮೂಳೆ ಮುಚ್ಚುತ್ತೇನೇ? ನಿನ್ನ ತಮ್ಮನಿಗೆ ಹೇಳು, ಮುಂದಿನ ಸಲ ಬರಿಗೈಲಿ ಬರಲಿ."

ವಿಜಯದಶಮಿಯ ಸಂಜೆ ಗೊಂಬೆ ನೋಡಲು ಪಕ್ಕದ ಮನೆಯ ಕಾಂತಮ್ಮ ಬಂದರು. ಇಂಚರಳ ಗಲ್ಲ ಹಿಡಿದು, "ಅಯ್ಯೋ, ಎಷ್ಟು ಸಪೂರ ಆಗಿದೀಯೇ! ಬೇಲೂರಿನ ಶಿಲಾಬಾಲಿಕೆ ಕಣ್ರೀ ನಿಮ್ಮ ಮೊಮ್ಮಗಳು!" ಎಂದರು.

"ಅದು ಕಲ್ಲು, ಕಾಂತಮ್ಮ. ಅದಕ್ಕೆ ಹಸಿವಾಗೋದಿಲ್ಲ" ಎಂದ ಗುರುಸಿದ್ದಮ್ಮ, ವಿದೇಶಿ ಗೊಂಬೆಗಳಿಂದ ಹೆಣ್ಣುಮಕ್ಕಳಿಗಾಗುವ ಅನಾಹುತದ ಬಗ್ಗೆ ಉಪನ್ಯಾಸ ಶುರುಮಾಡಿದರು. (ಕಾಂತಮ್ಮ ಬಂದದ್ದು ಕೊಬ್ಬರಿ ಮಿಠಾಯಿಗೆ.)

"ನಮ್ಮ ಹಿರಿಯರ ಗೊಂಬೆ ನೋಡಿ. ಯಾವ ಮಗುವಿನ ಮನಸ್ಸನ್ನಾದರೂ ಕೆಡಿಸಿದೆಯಾ?"

"ಅದೆಲ್ಲ ಸರಿ, ಈ ಇರುವೆ ಎಲ್ಲಿಗೆ ಹೊರಟಿವೆ?" ಎಂದರು ಕಾಂತಮ್ಮ.

ನೆಲದಿಂದ ಹೊರಟ ಕೆಂಪಿರುವೆಯ ಸಾಲು ಮೆಟ್ಟಿಲು ಹತ್ತಿ ಶೆಟ್ಟಮ್ಮನ ಬೆನ್ನ ಹಿಂದೆ ಮಾಯವಾಗುತ್ತಿತ್ತು. ಗುರುಸಿದ್ದಮ್ಮ ಹಿಂದಿನ ಬಟ್ಟೆ ಸರಿಸಿದರು. ಹಳಸಿದ ಅನ್ನದ ಉಂಡೆ, ಬೂಸಲು ಹಿಡಿದ ಚಪಾತಿ, ಹೋಳಿಗೆಯ ಚೂರು. ನವರಾತ್ರಿಯ ಊಟವೆಲ್ಲ ಅಲ್ಲಿತ್ತು. ವಾಸನೆಗೆ ಕಾಂತಮ್ಮ ಸೆರಗು ಮೂಗಿಗೆ ಹಿಡಿದರು. ಗುರುಸಿದ್ದಮ್ಮ ಮೊಮ್ಮಗಳತ್ತ ತಿರುಗಿದರು.

"ಯಾಕೆ ಇಂಚರ?"

"ಶೆಟ್ಟಮ್ಮಂಗೆ ಕೊಟ್ಟೆ ಅಜ್ಜಿ. ಅವಳು ಎಷ್ಟು ದಪ್ಪ ಆದ್ರೂ ಯಾರೂ ನಗಲ್ಲ."

"ನಿನ್ನ ನೋಡಿ ಯಾರು ನಕ್ಕರು? ಆ ಪ್ಲಾಸ್ಟಿಕ್ಕು ನಿನ್ನ ತಲೆ..."

"ಅದು ಏನೂ ಹೇಳ್ಲಿಲ್ಲ. ಹೋದ ವರ್ಷ ನೀವೇ ಹೇಳಿದ್ರಲ್ಲ, ಹಿಂಗೇ ಹೋಳಿಗೆ ತಿಂತಿರು, ಮುಂದಿನ ಸಲ ಶೆಟ್ಟಮ್ಮನ್ನ ಇಳಿಸಿ ಇಲ್ಲಿ ನಿನ್ನೇ ಕೂರಿಸ್ತೀನಿ ಅಂತ. ಎಲ್ಲರೂ ನಕ್ಕರು. ಕಾಂತಮ್ಮಜ್ಜಿನೂ."

ಕಾಂತಮ್ಮನವರಿಗೆ ಒಲೆಯ ಮೇಲೆ ಹಾಲಿಟ್ಟದ್ದು ತಟ್ಟನೆ ನೆನಪಾಯಿತು.

ಅವರು ಹೋದ ಮೇಲೆ ಗುರುಸಿದ್ದಮ್ಮ ಶೆಟ್ಟಮ್ಮನನ್ನು ಇಳಿಸಿ ಅಟ್ಟಕ್ಕೆ ಕಳಿಸಿದರು. ತಪ್ಪಾಯಿತು ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಬದಲಿಗೆ ಎರಡು ತಟ್ಟೆಗೆ ಹೋಳಿಗೆ ಹಾಕಿಸಿ, ಮೊಮ್ಮಗಳ ಎದುರು ಕುಳಿತರು. ಮದುವೆಯ ರವಿಕೆ ಈಗಲೂ ಹಿಡಿಸುತ್ತದೆಂದು ಹೆಮ್ಮೆಪಡುತ್ತಿದ್ದ, ಸಿಹಿಯನ್ನು ಮುಟ್ಟದೆ ವರ್ಷಗಳನ್ನೇ ಕಳೆದ ಹೆಂಗಸು, ತುಪ್ಪ ಸುರಿದುಕೊಂಡು ಒಂದು ಹೋಳಿಗೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು.

"ನೋಡು, ನಾನು ತಿಂತಾ ಇದೀನಿ. ನೀನೂ ತಿನ್ನು."

ಇಂಚರ ತನ್ನ ತಟ್ಟೆ ಮುಟ್ಟಲಿಲ್ಲ. ಅಜ್ಜಿಯ ಒಂದೊಂದು ತುತ್ತನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆಮೇಲೆ, ಕನಿಕರದಿಂದ, ಕಡ್ಡಿಯಂಥ ಬೆರಳುಗಳಲ್ಲಿ ಅಜ್ಜಿಯ ಮಣಿಕಟ್ಟು ಹಿಡಿದಳು.

"ಸಾಕು ಅಜ್ಜಿ. ಮೂರನೇ ಮೆಟ್ಟಿಲಲ್ಲಿ ಜಾಗ ಖಾಲಿ ಇದೆ."