ಒಲೆಯ ಪೂರ್ವಾಶ್ರಮ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ‘ಹೊಸ ಒಲೆ, ಪರೀಕ್ಷಿಸಿ ಪಡೆದಿದ್ದೇನೆ’ ಎಂಬ ಅಂಗಡಿಯ ಚೀಟಿಗೆ ಸಹಿ ಹಾಕಿದ ಮೂರ್ಖ ನಾನೇ. ಪರೀಕ್ಷೆ ಎಂದರೆ ಇಷ್ಟೇ. ಪೆಟ್ಟಿಗೆಯ ಮುಚ್ಚಳ ಎತ್ತಿದೆ, ಒಳಗೆ ಒಲೆ ಇತ್ತು, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡೆ. ಪೆರುಂಗುಡಿಯ ಆಫೀಸಿನಲ್ಲಿ ನನಗೆ ಸಂಬಳ ಕೊಡುವುದು ಸಾಫ್ಟ್‌ವೇರಿನ ದೋಷ ಹುಡುಕುವುದಕ್ಕೆ ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಇನ್ನು ನಮ್ಮತ್ತೆ, ಅಂದರೆ ನಮ್ಮಪ್ಪನ ಅಕ್ಕ; ನಾನಿರುವುದು ಅವರ ಮನೆಯಲ್ಲೇ. ಅವರ ಪ್ರಕಾರ ಈ ಭೂಮಿಯ ಮೇಲೆ ಹೊಸ ವಸ್ತು ಎಂಬುದೇ ಇಲ್ಲ. ಎಲ್ಲವೂ ಯಾರೋ ಒಮ್ಮೆ ಬಳಸಿ, ಒರೆಸಿ, ಮಡಿಸಿಟ್ಟದ್ದು. ಮಾವ ಪೆರಂಬೂರಿನಲ್ಲಿ ರೈಲು ಬೋಗಿಗಳ ಇನ್ಸ್‌ಪೆಕ್ಟರ್ ಆಗಿದ್ದವರು. ಹಗಲು ಅವರು ಬೋಗಿಗಳನ್ನು ಪಾಸು ಮಾಡುತ್ತಿದ್ದರು, ಸಂಜೆ ಅತ್ತೆ ಅವರನ್ನು ಪಾಸು ಮಾಡಿ ಒಳಗೆ ಬಿಡುತ್ತಿದ್ದರು.

ಒಮ್ಮೆ ನುಂಗಂಬಾಕ್ಕಂನ ಅಂಗಡಿಯಲ್ಲಿ ರೇಷ್ಮೆ ಸೀರೆಯ ಮೂರನೇ ಮಡಿಕೆ ಬಿಚ್ಚಿ, “ಇದನ್ನ ಯಾರೋ ಉಟ್ಕೊಂಡು ಕನ್ನಡಿ ಮುಂದೆ ನಿಂತು, ವೇಂಡಾಂ, ಬೇಡ ಅಂದಿದಾರೆ” ಎಂದರು. ಸೀರೆ ತೋರಿಸುತ್ತಿದ್ದಾಕೆ ನಕ್ಕಳು. ಅತ್ತೆ ಸೆರಗಿನ ಒಳಗಿಂದ ಒಂದು ಪಿನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ನಗು ಅಲ್ಲಿಗೆ ನಿಂತಿತು.

ನನ್ನ ಅಕ್ಕನನ್ನು ನೋಡಲು ಗಂಡು ಬಂದಾಗಲೂ ಅಷ್ಟೆ. ಕಾಫಿ ಕೊಟ್ಟು ಅಡುಗೆಮನೆಗೆ ಬಂದ ಅತ್ತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಹುಡುಗ ಪುದುಸು ಕಣೋ. ಜೋಕು ಹಳೇದು. ಇದನ್ನೇ ಇನ್ನೂ ನಾಲ್ಕು ಮನೇಲಿ ಹೇಳಿದಾನೆ.” ಪುದುಸು ಎಂದರೆ ಹೊಸದು, ಅತ್ತೆಯ ವಾಕ್ಯಗಳು ಕನ್ನಡದಲ್ಲಿ ಹತ್ತಿ ತಮಿಳಿನಲ್ಲಿ ಇಳಿಯುತ್ತವೆ. ಮದುವೆಯಾದ ಮೇಲೆ ಭಾವನವರೇ ಒಪ್ಪಿಕೊಂಡರು. ನಾಲ್ಕಲ್ಲ, ಐದು.

ಇಂಥವರಿಗೆ ನಾನು ಒಲೆ ತಂದೆ. ಪೆಲೆಟ್ ಒಲೆ: ಮರದ ಹೊಟ್ಟನ್ನು ಒತ್ತಿ ಮಾಡಿದ ಪುಟ್ಟ ಪುಟ್ಟ ತುಂಡುಗಳನ್ನು ಸುರಿದು ಹೊತ್ತಿಸಿದರೆ, ಅಡಿಯ ಫ್ಯಾನು ಗಾಳಿ ಊದಿ ನೀಲಿ ಉರಿ ಎಬ್ಬಿಸುತ್ತದೆ. ಅತ್ತೆ ಹಬ್ಬ, ಉಪನಯನಗಳಿಗೆ ಅಡುಗೆ ಮಾಡಿಕೊಡುತ್ತಾರೆ. ಶನಿವಾರ ಪಕ್ಕದ ಬೀದಿಯಲ್ಲೊಂದು ಉಪನಯನ. ಯಾರೂ ಏನೂ ಬೇಯಿಸದ ಒಲೆಯ ಮೇಲೆ ಮೊದಲು ದೇವರ ನೈವೇದ್ಯವನ್ನೇ ಮಾಡುತ್ತೇನೆಂದು ಅವರು ಮಾತು ಕೊಟ್ಟಿದ್ದರು. ಮಾತು ಅತ್ತೆಯದು, ಸಹಿ ನನ್ನದು, ದಿನ ಗುರುವಾರ.

ಪೆಟ್ಟಿಗೆ ಬಿಚ್ಚಿದೆವು. ಅತ್ತೆ ಮುಟ್ಟಲಿಲ್ಲ, ಮೊದಲು ಮೂಸಿದರು.

“ಹೊಸ ಪೇಂಟು ಮೊದಲ್ನೇ ಸಲ ಕಾದಾಗ ನಾರಬೇಕು. ಇದು ನಾರೋದನ್ನೆಲ್ಲ ಬೇರೆಯವರ ಮನೇಲಿ ನಾರಿ ಬಂದಿದೆ.”

“ಅತ್ತೆ, ಸುಮ್ಮನೆ ಏನೋ ಹೇಳ್ಬೇಡಿ.”

ಅವರು ಉರಿ ಕೂರುವ ಸ್ಟೀಲಿನ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ನವಿಲುಗರಿಯಂಥ ನೀಲಿ ಛಾಯೆ. ಬೆಂಕಿ ಕಾಣದ ಸ್ಟೀಲಿಗೆ ಆ ಬಣ್ಣ ಬರುವುದಿಲ್ಲವಂತೆ. ಆಮೇಲೆ ದೇವರ ಮನೆಯಿಂದ ಒಂದು ಬತ್ತಿ ತಂದು, ಗಾಳಿ ಬರುವ ತೂತಿನೊಳಗೆ ತಿರುಗಿಸಿ ಹೊರಗೆಳೆದರು. ಬಿಳಿ ಬತ್ತಿಗೆ ಬೂದಿ ಮೆತ್ತಿತ್ತು. ನಮ್ಮ ಆಫೀಸಿನಲ್ಲಿ ಹದಿನೈದು ಜನ ವಾರಗಟ್ಟಲೆ ಹುಡುಕುವುದನ್ನು ಈಕೆ ಒಂದು ಬತ್ತಿಯಲ್ಲಿ ಮುಗಿಸಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಯಾಕೋ ಎದೆಯುಬ್ಬಿತು.

ಆಟೋದಲ್ಲಿ ಒಲೆಯನ್ನು ನಡುವೆ ಕೂರಿಸಿಕೊಂಡು ಅಂಗಡಿಗೆ ಹೋದೆವು. ಅಂಗಡಿಯವರದು ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ ದನಿ. (ಆಫೀಸಿನಲ್ಲಿ ಅದನ್ನು ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ.) ಅಲ್ಲಿ ನಡೆದದ್ದೆಲ್ಲ ತಮಿಳಿನಲ್ಲಿ; ನಿಮಗಾಗಿ ಕನ್ನಡ ಮಾಡುತ್ತೇನೆ.

“ಅಮ್ಮಾ, ಫ್ಯಾಕ್ಟರಿಯಲ್ಲಿ ಪ್ರತಿ ಒಲೆಯನ್ನೂ ಒಂದು ಸಲ ಉರಿಸಿ ನೋಡ್ತಾರೆ. ಬೂದಿ, ಬಣ್ಣ ಎಲ್ಲ ಅದರದ್ದೇ.”

ನ್ಯಾಯವಾದ ಮಾತು. ಅತ್ತೆಯೂ ತಲೆಯಾಡಿಸಿದರು. ನಾನು ಮನೆಗೆ ಹೊರಡಲು ಎದ್ದೇ ಬಿಟ್ಟೆ. ಅಷ್ಟರಲ್ಲಿ ಅತ್ತೆ ತುರುಬಿನಿಂದ ಹೇರ್‌ಪಿನ್ ಎಳೆದು, ಪಾತ್ರೆ ಕೂರುವ ಕಾಲುಗಳ ಸಂದಿಯನ್ನು ಕೆದಕತೊಡಗಿದರು. ಮೇಜಿನ ಮೇಲೆ ಸೀದ ಸಾಸಿವೆ ಎರಡು, ಅದರ ಹಿಂದೆಯೇ ಕರಕಲಾದ ಬೆಳ್ಳುಳ್ಳಿ ಸಿಪ್ಪೆಯೊಂದು ಬಿದ್ದವು.

“ಫ್ಯಾಕ್ಟರಿಯಲ್ಲಿ ಒಗ್ಗರಣೆ ಹಾಕಿ ಟೆಸ್ಟ್ ಮಾಡ್ತಾರೇನಪ್ಪಾ?”

ಆದರೆ ಅಂಗಡಿಯವರ ಬಳಿ ನನ್ನ ಸಹಿಯಿತ್ತು. ಚೀಟಿ ಹೊರಬಂತು. “ನಿಮ್ಮ ಹುಡುಗ ನೋಡಿ ಬರೆದುಕೊಟ್ಟಿದ್ದಾನೆ. ಒಗ್ಗರಣೆ ನೀವು ಹಾಕಿಲ್ಲ ಅಂತ ನಾನು ಹೇಗೆ ನಂಬಲಿ?”

“ನಮ್ಮ ಅಡುಗೆಮನೆಗೆ ಬೆಳ್ಳುಳ್ಳಿ ಬರಲ್ಲ. ನಾನು ಮದುವೆಯಾಗಿ ಬಂದಾಗಿಂದ ಬಂದಿಲ್ಲ.”

“ನೀವು ದೇವಸ್ಥಾನಕ್ಕೆ ಹೋದಾಗ ಇವನು ಮಾಡಿರಬಹುದಲ್ಲ?” ಅವರು ನನ್ನತ್ತ ತಿರುಗಿದರು. “ಏನ್ ತಂಬಿ, ಬೆಳ್ಳುಳ್ಳಿ ತಿನ್ನಲ್ವಾ ನೀನು? ಅಮ್ಮನ ಮುಂದೆ ಹೇಳು.”

ಈಗ ಹೇಳಬಾರದ್ದನ್ನು ಹೇಳಬೇಕು. ಎರಡು ವರ್ಷದಿಂದ ಆಫೀಸಿನ ಕ್ಯಾಂಟೀನಿನಲ್ಲಿ ದಿನಾ ಬೆಳ್ಳುಳ್ಳಿ ರಸಂ ಕುಡಿಯುತ್ತಿದ್ದೇನೆ. ಮನೆಯ ಮೆಟ್ಟಿಲು ಹತ್ತುವ ಮುಂಚೆ ಒಂದು ಹಿಡಿ ಸೋಂಪು ಅಗಿಯುತ್ತೇನೆ. ಇಲ್ಲವೆಂದರೆ ಸುಳ್ಳು, ಹೌದೆಂದರೆ ಒಲೆಯೂ ಹೋಯಿತು, ಅತ್ತೆಯ ಮಾತೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು. ಊರಲ್ಲಿರುವ ಎಲ್ಲರ ದನಿಯನ್ನೂ ತೆಗೆಯಬಲ್ಲ ನನಗೆ ಆಗ ನನ್ನ ದನಿ ಸಿಗಲಿಲ್ಲ.

ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಹೇರ್‌ಪಿನ್ ಒರೆಸಿ ತುರುಬಿಗೆ ಸಿಕ್ಕಿಸಿಕೊಂಡರು. ಆಮೇಲೆ ಅವರಾಡಿದ್ದನ್ನು ಕೇಳಿ ಅಂಗಡಿಯವರು ಚೀಟಿ ಹರಿದು, ತಾವೇ ಎದ್ದು ಹೋಗಿ ಗೋದಾಮಿನಿಂದ ಅಂಟು ಬಿಚ್ಚದ ಪೆಟ್ಟಿಗೆಯೊಂದನ್ನು ಹೊತ್ತು ತಂದರು. ಅತ್ತೆ ಆಡಿದ್ದು ಇಷ್ಟು:

“ತಿಂತಾನೆ, ದಿನಾ ತಿಂತಾನೆ. ನನಗೆ ನೋವಾಗಬಾರದು ಅಂತ ಸೋಂಪು ಅಗಿದು ಬರ್ತಾನೆ. ಬಾಯಿ ವಾಸನೆಯನ್ನೇ ಮನೆಯೊಳಗೆ ತರದವನು, ನನ್ನ ಒಲೆ ಮೇಲೆ ಬೆಳ್ಳುಳ್ಳಿ ಹಾಕ್ತಾನಾ?”